ಸಹಾಯ ಬೇಕು: ಮಾತಿನ ಹುಡುಕಾಟದಾಗ ಅಂಗಡಿ ಬರವಲ್ದು

ನಮಸ್ಕಾರ್ರೀ. ನಮ್ಮದು ಗದಗಿನ ಮೋಟರ್ ರಿವೈಂಡಿಂಗ್ (ಸುಟ್ಟ ಮೋಟರಿಗೆ ತಂತಿ ಸುತ್ತೂ) ಅಂಗಡಿ. ಗೂಗಲ್‌ನಾಗ ಟೈಪ್ ಮಾಡಿದ್ರ ಸಿಗತೈತಿ. ಮೈಕ್ ಒತ್ತಿ "ಇಲ್ಲೇ ಹತ್ರ ಪಂಪಿನ ಮೋಟರ್ ಸುತ್ತೋರು ಯಾರದಾರ" ಅಂದ್ರ ಸಿಗವಲ್ದು. ಹೇಳಿದ ಮಾತು ಪರದೆ ಮ್ಯಾಲ ಅಕ್ಷರ ಆಗಿ ಮೂಡತೈತಿ, ಅಲ್ಲೇ "ಸುತ್ತೋರು" ಹೋಗಿ "ಸುತ್ತಲೂ" ಆಗಿ ಬೀಳತೈತಿ.

ಗೂಗಲ್‌ನಾಗಿನ ಅಂಗಡಿ ಪ್ರೊಫೈಲ್ ವೆರಿಫೈ ಆಗೇತಿ. ಮುಖ್ಯ ಕೆಟಗರಿ, ವೇಳೆ, ಫೋನ್, ಮ್ಯಾಪಿನ ಪಿನ್ ಎಲ್ಲಾ ಸರಿ ಅದಾವು. ಅಂಗಡಿ ಹೆಸರಿನಾಗ ಹೆಚ್ಚಿನ ಪದ ತುರುಕ್ರಿ ಅನ್ನಬ್ಯಾಡ್ರಿ, ನಿಯಮಕ್ಕ ವಿರುದ್ಧ, ಪ್ರೊಫೈಲ್ ಸಸ್ಪೆಂಡ್ ಆಗಬಹುದು. ಐಫೋನಿನ ಮಾತಿನ ಸಹಾಯಕ ಸಿರಿಗಂತ ಆಪಲ್ ಮ್ಯಾಪ್ಸ್‌ನಾಗೂ ಬ್ಯಾರೆ ಸೇರಿಸೇವಿ.

ಸರ್ವಿಸ್ ಪಟ್ಟಿಯಾಗ "ಮೋಟರ್ ಸುತ್ತೂದು" ಅಂತ ಆಡುಮಾತು ಹಾಕಿದವರಿಗೆ ಫಲ ಸಿಕ್ಕೈತೇನ್ರೀ? ಹುಬ್ಬಳ್ಳಿ, ಹಾವೇರಿ ಕಡೆಯವರು ಮೈಕಿನ ಭಾಷೆ ಕನ್ನಡ ಇಟ್ಟು ಅದ ಮಾತು ಹೇಳಿ, ಮೂಡಿದ ಅಕ್ಷರದ ಸ್ಕ್ರೀನ್‌ಶಾಟ್ ಹಾಕ್ರಿ. ಹುಡುಕಾಟದಾಗ ದೂರ ಲೆಕ್ಕಕ್ಕ ಬರತೈತಿ, ಅದಕ್ಕ ನಿಮ್ಮ ಕಡೆ ನಮ್ಮ ಅಂಗಡಿ ಕಾಣಂಗಿಲ್ಲ. ಅಕ್ಷರ ಅಷ್ಟ ಸಾಕು.