ಸವಾರನ ತೂಕ ಮತ್ತು ಕುದುರೆಯ ಬೆನ್ನು: ತೋಟದ ಏರುದಾರಿಯಲ್ಲಿ ಎಷ್ಟು ಭಾರ ಹೊರಿಸಬಹುದು?

ಪ್ರಶ್ನೆ – ಬೆಳೆಗಾರ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದಲ್ಲಿ ಏಳು ವರ್ಷದ, ತೆಳು ಮೈಕಟ್ಟಿನ ಒಂದು ಹೆಣ್ಣು ಕುದುರೆ ಇದೆ. ನನ್ನ ತೂಕ 82 ಕಿಲೋ. ಜೀನು, ಅದರ ಕೆಳಗಿನ ಹಾಸು, ಲಗಾಮು ಎಲ್ಲ ಸೇರಿ ಇನ್ನೂ 9 ಕಿಲೋ ಆಗುತ್ತದೆ. ಗದ್ದೆಯ ಬದಿಯ ಸಮತಟ್ಟು ದಾರಿಯಲ್ಲಿ ಅದು ಲವಲವಿಕೆಯಿಂದಲೇ ನಡೆಯುತ್ತದೆ. ಆದರೆ ತೋಟದ ಏರಿನಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ, ಇತ್ತೀಚೆಗೆ ಜೀನು ಕಟ್ಟಲು ಹೋದರೆ ಕಿವಿಗಳನ್ನು ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ. ನೋಡಿದವರು ಮೊಂಡುತನ ಎನ್ನುತ್ತಾರೆ; ನನಗೆ ಹಾಗೆ ಅನ್ನಿಸುತ್ತಿಲ್ಲ. ಕುದುರೆಯನ್ನು ತೂಗುವ ಅನುಕೂಲ ಇಲ್ಲಿಲ್ಲ. ಎದೆಯ ಸುತ್ತಳತೆ 158 ಸೆಂ.ಮೀ., ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ 150 ಸೆಂ.ಮೀ. ಇದೆ. ನನ್ನ ಭಾರ ಅದಕ್ಕೆ ಹೆಚ್ಚಾಗುತ್ತಿದೆಯೇ?

ಉತ್ತರ – ಪಶುವೈದ್ಯೆ, ಕುಶಾಲನಗರ

ನಿಮ್ಮ ಅನುಮಾನ ಸರಿಯಾಗಿದೆ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಅಂದಾಜಾಗಿ ಕಿಲೋಗಳಲ್ಲಿ ಸಿಗುತ್ತದೆ. ನಿಮ್ಮ ಕುದುರೆಗೆ ಅದು ಸುಮಾರು 315 ಕಿಲೋ. ಜೀನೂ ಸೇರಿ ಅದು ಹೊರುತ್ತಿರುವುದು 91 ಕಿಲೋ, ಅಂದರೆ ತನ್ನ ತೂಕದ ಶೇ. 29ರಷ್ಟು.

ಅಮೆರಿಕದ ಓಹಿಯೋದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟು ಕುದುರೆಗಳ ಮೇಲೆ ಅವುಗಳ ತೂಕದ ಶೇ. 15, 20, 25 ಮತ್ತು 30ರಷ್ಟು ಭಾರ ಹೊರಿಸಿ ನೋಡಿದರು. ಶೇ. 20ರವರೆಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅದನ್ನು ದಾಟಿದ ಮೇಲೆ ಎದೆಬಡಿತದ ವೇಗ ಏರಿತು, ಸ್ನಾಯುಗಳ ನೋವೂ ಬಿಗಿತವೂ ಹೆಚ್ಚಿದವು. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಆರು ಕುದುರೆಗಳು ಮತ್ತು ನಾಲ್ವರು ಸವಾರರೊಂದಿಗೆ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ, ತೂಕ ಹೆಚ್ಚಿದ್ದ ಇಬ್ಬರು ಸವಾರರ ಸುತ್ತುಗಳನ್ನು ಬಹುಪಾಲು ಕುಂಟುವಿಕೆಯ ಕಾರಣಕ್ಕೆ ನಡುವೆಯೇ ನಿಲ್ಲಿಸಬೇಕಾಯಿತು. ಕುದುರೆಗಳ ಸಂಖ್ಯೆ ಚಿಕ್ಕದೇ ಆದರೂ, ಭಾರ ಇಳಿಸಿದಾಗ ಅವು ಮತ್ತೆ ಸರಿಯಾಗಿ ನಡೆದದ್ದು ಗಮನಿಸಬೇಕಾದ ಸಂಗತಿ.

ಇವು ಸಮತಟ್ಟು ನೆಲದ ಲೆಕ್ಕಗಳು ಎಂಬುದನ್ನು ಮರೆಯಬಾರದು. ನಿಂತ ಕುದುರೆಯ ದೇಹಭಾರದ ಅರ್ಧಕ್ಕಿಂತ ಹೆಚ್ಚು ಪಾಲು ಮುಂಗಾಲುಗಳ ಮೇಲಿರುತ್ತದೆ. ಇಳಿಜಾರಿನಲ್ಲಿ ಆ ಪಾಲು ಇನ್ನೂ ಹೆಚ್ಚುತ್ತದೆ, ಏರಿನಲ್ಲಿ ಹಿಂಗಾಲುಗಳೂ ಸೊಂಟವೂ ಇಡೀ ಭಾರವನ್ನು ಮೇಲಕ್ಕೆ ತಳ್ಳಬೇಕಾಗುತ್ತದೆ. ಕುಕ್ಕುಲೋಟದಲ್ಲಿ (ನಡಿಗೆಗಿಂತ ವೇಗದ ಟ್ರಾಟ್ ಓಟ) ಸವಾರ ಅಲುಗದೆ ಕುಳಿತಿದ್ದರೆ ಪ್ರತಿ ಹೆಜ್ಜೆಗೂ ಅವನ ತೂಕದ ಸುಮಾರು ಎರಡು ಪಟ್ಟು ಒತ್ತಡ ಬೆನ್ನಿನ ಮೇಲೆ ಬೀಳುತ್ತದೆ. ಆದ್ದರಿಂದ ಮಳೆಗಾಲದ ಜಾರು ಕೆಮ್ಮಣ್ಣಿನ ನಮ್ಮ ದಾರಿಗಳಲ್ಲಿ ಶೇ. 20 ಕೂಡ ನನ್ನ ದೃಷ್ಟಿಯಲ್ಲಿ ಹೆಚ್ಚೇ, ಶೇ. 15ರ ಆಸುಪಾಸಿನಲ್ಲಿರುವುದು ಒಳ್ಳೆಯದು.

ಕಿವಿ ಮಡಚುವುದು, ಕಚ್ಚಲು ಬರುವುದು ನೋವಿನ ಲಕ್ಷಣಗಳಾಗಿರಬಹುದು. ಬೆನ್ನು ಪರೀಕ್ಷೆ ಮಾಡಿಸುವವರೆಗೆ ದಯವಿಟ್ಟು ಸವಾರಿ ನಿಲ್ಲಿಸಿ.

ಉತ್ತರ – ಹೋಂಸ್ಟೇ ಮಾಲೀಕ, ವಿರಾಜಪೇಟೆ

ಐಸ್‌ಲ್ಯಾಂಡಿನ ಗಿಡ್ಡ ಕುದುರೆಗಳ ಮೇಲೆ ದೊಡ್ಡ ಆಳುಗಳೇ ಸವಾರಿ ಮಾಡುತ್ತಾರೆ. ಹಾಗಿರುವಾಗ ಎಲ್ಲ ಕುದುರೆಗಳಿಗೂ ಒಂದೇ ಲೆಕ್ಕ ಹೇಗೆ ಹೊಂದುತ್ತದೆ?

ಉತ್ತರ – ಪಶುವೈದ್ಯೆ, ಕುಶಾಲನಗರ

ಹೊಂದುವುದಿಲ್ಲ, ನಿಮ್ಮ ಮಾತು ನಿಜ. ಆ ತಳಿಯ ಕಾಲೆಲುಬು ಗಟ್ಟಿ, ಮೈಕಟ್ಟು ಬಿಗಿ. ಓಹಿಯೋದ ಅಧ್ಯಯನದಲ್ಲಿಯೂ ಸೊಂಟ ಅಗಲವಾಗಿದ್ದ ಕುದುರೆಗಳಿಗೆ ನೋವು ಕಡಿಮೆಯಾಗಿತ್ತು. ಆದರೆ ಇಲ್ಲಿ ಪ್ರಶ್ನೆ ಕೇಳಿದವರದು ತೆಳು ಮೈಕಟ್ಟಿನ ಕುದುರೆ. ಇನ್ನೊಂದು ಮಾತು: ಕೊಬ್ಬಿದ ಕುದುರೆಯ ತೂಕ ಹೆಚ್ಚಿದೆಯೆಂದು ಅದಕ್ಕೆ ಹೆಚ್ಚು ಭಾರ ಹೊರಿಸಬಾರದು, ಏಕೆಂದರೆ ಆ ಕೊಬ್ಬೂ ಅದು ಹೊರುತ್ತಿರುವ ಭಾರವೇ.

ಉತ್ತರ – ನಿವೃತ್ತ ಸೈನಿಕ, ಪೊನ್ನಂಪೇಟೆ

ಡಾಕ್ಟರಮ್ಮನವರ ಮಾತಿಗೆ ಸೇನೆಯ ಇತಿಹಾಸವೂ ಸಾಕ್ಷಿ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷರ ಕಡೆಯ ಮೂರು ಲಕ್ಷಕ್ಕೂ ಹೆಚ್ಚು ಕುದುರೆಗಳು ಸತ್ತವು. ಮೇವಿನ ಕೊರತೆ ಮತ್ತು ವಿಶ್ರಾಂತಿಯಿಲ್ಲದ ದುಡಿತದೊಂದಿಗೆ ಸವಾರನೂ ಅವನ ಸರಂಜಾಮೂ ಸೇರಿದ ಅತಿಭಾರವೂ ಅದಕ್ಕೆ ಕಾರಣವಾಗಿತ್ತು. ದೂರದ ಪಯಣದಲ್ಲಿ ಆಗಾಗ ಇಳಿದು ಕುದುರೆಯನ್ನು ಕೈಹಿಡಿದು ನಡೆಸುವುದು ಅಶ್ವದಳಗಳ ಪದ್ಧತಿ. ಕಡಿದಾದ ಇಳಿಜಾರಿನಲ್ಲಿ ನೀವೂ ಹಾಗೆಯೇ ಮಾಡಿರಿ.

ಜೀನನ್ನೂ ಪರೀಕ್ಷಿಸಿ. ಅದರ ಭಾರ ಬೀಳುವ ಭಾಗ ಕೊನೆಯ ಪಕ್ಕೆಲುಬನ್ನು ದಾಟಿ ಸೊಂಟದ ಮೇಲೆ ಹೋಗಬಾರದು. ಸವಾರಿಯ ನಂತರ ಜೀನು ತೆಗೆದಾಗ ಉಳಿದ ಜಾಗವೆಲ್ಲ ಬೆವರಿದ್ದು ಅಲ್ಲಲ್ಲಿ ಒಣಗಿದ ತೇಪೆ ಕಂಡರೆ, ಅಲ್ಲಿ ಒತ್ತಡ ಮಿತಿಮೀರಿದೆ ಎಂದು ಶಂಕಿಸಬೇಕು. ಅಂಥ ಜಾಗದಲ್ಲಿ ಮುಂದೆ ಬಿಳಿ ಕೂದಲು ಬರುವುದೂ ಉಂಟು.

ಪ್ರಶ್ನೆ ಕೇಳಿದವರು – ಬೆಳೆಗಾರ, ಸುಂಟಿಕೊಪ್ಪ

ಎಲ್ಲರಿಗೂ ಧನ್ಯವಾದಗಳು. ಜೀನಿನ ಹಿಂಭಾಗದಲ್ಲಿ ಎರಡೂ ಬದಿ ಒಣ ತೇಪೆಗಳು ಕಾಣುತ್ತಿರುವುದು ನಿಜ. ಡಾಕ್ಟರೇ, 46 ಕಿಲೋ ತೂಕದ ನನ್ನ ಮಗಳು ಸವಾರಿ ಮಾಡಬಹುದೇ?

ಉತ್ತರ – ಪಶುವೈದ್ಯೆ, ಕುಶಾಲನಗರ

ಜೀನೂ ಸೇರಿ 55 ಕಿಲೋ, ಅಂದರೆ ಶೇ. 17ಕ್ಕೆ ಸ್ವಲ್ಪ ಮೇಲೆ. ಬೆನ್ನಿನ ನೋವು ಪೂರ್ತಿ ವಾಸಿಯಾಗಿ, ಈ ಕುದುರೆಗೆ ಹೊಂದುವ ಹಗುರವಾದ ಜೀನು ಸಿಕ್ಕ ಮೇಲೆ ಗದ್ದೆಯ ಬದಿಯಲ್ಲಿ ನಡಿಗೆಯಿಂದ ಆರಂಭಿಸಬಹುದು. ಏರುದಾರಿ ಸದ್ಯಕ್ಕೆ ಬೇಡ. ನೀವು ಪಕ್ಕದಲ್ಲಿ ನಡೆದು ಬನ್ನಿ. ಮರುದಿನ ಬೆಳಿಗ್ಗೆ ಬೆನ್ನೆಲುಬಿನ ಎರಡೂ ಬದಿ ಬೆರಳುಗಳಿಂದ ಮೆಲ್ಲಗೆ ಒತ್ತಿ ನೋಡಿ. ಅದು ಬೆನ್ನು ಕುಗ್ಗಿಸಿದರೆ ಅಥವಾ ಪಕ್ಕಕ್ಕೆ ಸರಿದರೆ ಆ ದಿನ ಜೀನು ಕಟ್ಟಬೇಡಿ.