ಈ ವಾರದ ಸಮಸ್ಯೆ: ನೀರು ಬತ್ತಿತು ಕೋಟೆ ಮುಳುಗಿತು ಹಾಡುಹಗಲಿನಲಿ

ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು ಇದು, ಮೇಲಿನ ಐದು ಸಾಲು ಕಟ್ಟಿ ಪೂರಣ ಮಾಡಿ. ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ರ’. ನೀರು ಬತ್ತಿದರೆ ಕೋಟೆ ಮುಳುಗೋದು ಹೇಗೆ ಅನ್ನೋದನ್ನ ನೀವೇ ಬಿಡಿಸಬೇಕು. ಮುತ್ತಿಗೆಯ ಪ್ರಸಂಗವೇ ಆಗಲಿ.

—

ಮೇಷ್ಟ್ರೇ, ಸಾಲು ನೋಡಿದ ಕೂಡಲೇ ಶ್ರೀರಂಗಪಟ್ಟಣವೇ ಕಣ್ಮುಂದೆ ಬಂತು.

ಊರ ಸುತ್ತಿದ ಹೊಳೆಯೆ ಕಂದಕ
ದಾರಿ ಬಿಡದದು ಮಳೆಯ ಕಾಲಕೆ
ಆರಿ ಹೋಯಿತು ಸುಡುವ ಬಿಸಿಲಿಗೆ ಬಂಡೆ ಮೇಲೆದ್ದು
ತೂರಿ ಬಂದವು ಗುಂಡು ಗೋಡೆಗೆ
ಏರಿ ಬಂದಿತು ಬಿರುಕಿನಲಿ ಪಡೆ
ನೀರು ಬತ್ತಿತು ಕೋಟೆ ಮುಳುಗಿತು ಹಾಡುಹಗಲಿನಲಿ

1791ರ ಮೇ ತಿಂಗಳಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್ ಅರಕೆರೆಯಲ್ಲಿ ಗೆದ್ದೂ ಪಟ್ಟಣ ಮುಟ್ಟಲಾಗಲಿಲ್ಲ. ಮಳೆ ಹಿಡಿಯಿತು, ದನ ಸತ್ತವು, ದಂಡಿಗೆ ಅನ್ನವಿಲ್ಲ, ಕೊನೆಗೆ ದೊಡ್ಡ ಫಿರಂಗಿಗಳನ್ನ ತಾವೇ ಹಾಳು ಮಾಡಿ ಹಿಂದಿರುಗಿದರು. 1799ರಲ್ಲಿ ಪಟ್ಟಣ ಮುತ್ತಿದ ಬ್ರಿಟಿಷ್ ಜನರಲ್ ಹ್ಯಾರಿಸ್‌ಗೂ ದವಸ ಮುಗಿಯುತ್ತಾ ಬಂದಿತ್ತು. ಹೊಳೆ ತುಂಬೋದರೊಳಗೆ ನುಗ್ಗಲೇಬೇಕಿತ್ತು. ಟಿಪ್ಪುವಿನ ದೊಡ್ಡ ಕಾವಲುಗಾರ ಕಾವೇರಿಯೇ ಅಂತ ನನಗನ್ನಿಸೋದು ಅದಕ್ಕೇ.

—

ಚೆನ್ನಾಗಿದೆ ಅಕ್ಕ! ನಾಲ್ಕನೇ ಸಾಲು ನನಗೆ ತುಂಬಾ ಇಷ್ಟವಾಯ್ತು. ಒಂದೇ ಮಾತು: ಮೂರನೇ ಸಾಲಲ್ಲೇ ‘ಆರಿ ಹೋಯಿತು’ ಅಂದುಬಿಟ್ಟರೆ ಕೊನೆಯ ‘ಬತ್ತಿತು’ ಸಪ್ಪೆಯಾಗುತ್ತೆ ಅಲ್ವಾ? ‘ಕಾರೆ ಬೇಸಗೆ ಕೆಂಡವನ್ನೇ ಬಂಡೆ ಮೇಲಾಯ್ತು’ ಅಂತ ಮಾಡಿದರೆ ಮಾತ್ರೆಯೂ ಸರಿ, ಗುಟ್ಟೂ ಉಳಿಯುತ್ತೆ.

—

ನಂದೂ ಒಂದು ಇರಲಿ. ನಾನು ಹಿಡಿದದ್ದು ಬ್ರಿಟಿಷ್ ಸೇನಾಧಿಕಾರಿ ಬೇರ್ಡ್‌ನನ್ನ. 1780ರಲ್ಲಿ ಪೊಳ್ಳಿಲೂರ ಕದನದಲ್ಲಿ ಸೆರೆಸಿಕ್ಕಿ 1784ರವರೆಗೆ ಇದೇ ಊರಲ್ಲಿ ಬಂದಿಯಾಗಿದ್ದವನು, 1799ರ ದಾಳಿಯ ಮುಂದಾಳಾಗಿ ಬಂದ.

ಯಾರ ಕಾಲಿಗೆ ಸೆರೆಯ ಸಂಕಲೆ
ಊರು ತೊಡಿಸಿತೊ ಅವನೆ ಕತ್ತಿಯ
ತೋರಿ ಬನ್ನಿರಿ ಎಂದು ಕೂಗುತ ಹೊಳೆಯ ದಾಟಿದನು
ವೀರರಿದ್ದರು ಒಳಗೆ ಸಾವಿರ
ಹೋರಿ ಮಡಿದರು ಬಿರುಕ ಬಳಿಯಲೆ
ನೀರು ಬತ್ತಿತು ಕೋಟೆ ಮುಳುಗಿತು ಹಾಡುಹಗಲಿನಲಿ

—

ಮೊದಲೆರಡು ಸಾಲು ಓದಿ ಮೈ ಜುಮ್ಮೆಂದಿತು. ‘ಹಾಡುಹಗಲು’ ಸುಮ್ನೆ ಕೊಟ್ಟದ್ದಲ್ಲ. 1799ರ ಮೇ 4ರಂದು ನುಗ್ಗಿದ್ದು ಮಧ್ಯಾಹ್ನ ಒಂದರ ಹೊತ್ತಿಗೆ, ಉರಿಬಿಸಿಲಲ್ಲಿ. ಮುತ್ತಿಗೆಯವರು ಕತ್ತಲಲ್ಲಿ ಬರ್ತಾರೆ ಅಂತ ಕಾಯೋದು ಸಹಜ, ಇವರು ಊಟದ ಹೊತ್ತು ಆರಿಸಿಕೊಂಡರು. ಎರಡು ಪೂರಣದಲ್ಲೂ ಆ ಹಗಲಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಆಮೇಲೆ, ಇಬ್ಬರೂ ಹೊಳೆಯ ಕಡೆಯಿಂದಲೇ ನೋಡಿದ್ದೀರಿ. ಟಿಪ್ಪು ಬಿದ್ದದ್ದು ಗೋಡೆಯ ಒಳಗೆ, ದಿಡ್ಡಿ ಬಾಗಿಲ ಹತ್ತಿರ, ಹೆಣಗಳ ರಾಶಿಯ ನಡುವೆ. ಒಳಗಿದ್ದವರ ಕಣ್ಣಿಂದ ಯಾರಾದರೂ ಬರೀರಿ, ಭಾನುವಾರದವರೆಗೂ ಕಾಯ್ತೀನಿ.