ತಮ್ಮಾ, ವಿಷ ಮಾತ್ರ ಇಡಬೇಡ

ತಮ್ಮಾ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಗ್ಗೆಯೇ ನೋಡಿದೆ. ಆಗ ಕುರಿಗಳಿಗೆ ಹುಲ್ಲು ಹಾಕುತ್ತಿದ್ದೆ, ಉತ್ತರ ಕೊಡಲು ಆಗಲಿಲ್ಲ. ಈಗ ಕೈ ತೊಳೆದು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಎಲ್ಲರೂ ಸಮಾಧಾನವಾಗಿ ಕೇಳಿ.

ಟೆಕ್ಸಾಸ್‌ನ ಆಸ್ಟಿನ್ ಊರಿನ ಹೊರಗೆ ಆ ಹತ್ತು ಎಕರೆ ತೆಗೆದುಕೊಂಡು ನಿನಗೆ ಇನ್ನೂ ಒಂದು ವರ್ಷ ಆಗಿಲ್ಲ. ಆಗಲೇ ಆರು ಕೋಳಿ ಹೋದವು. ಮೊನ್ನೆ ರಾತ್ರಿ ಮೇಕೆ ಮರಿಯೂ ಹೋಯಿತು. ಪಾಪು ಆ ಮರಿಗೆ ಹೆಸರಿಟ್ಟು ಬಾಟ್ಲಿಯಲ್ಲಿ ಹಾಲು ಕುಡಿಸುತ್ತಿದ್ದಳು ಅಂತ ಓದಿ ನನಗೂ ಕಣ್ಣು ತುಂಬಿತು. ಚಿಕ್ಕಮ್ಮ ರಾತ್ರಿ ಇಪ್ಪತ್ತು ಕಾಯೋಟಿ, ಅದೇ ನಮ್ಮ ನರಿಯಂಥ ಇಲ್ಲಿನ ಕಾಡುಪ್ರಾಣಿ, ಊಳಿಟ್ಟವು ಅಂತ ಹೆದರಿಕೊಂಡಿದ್ದಾರೆ. ಮಾವ ಶಿರಾದಿಂದ, "ಸತ್ತ ಮರಿಗೇ ವಿಷ ಸವರಿ ಬೇಲಿ ಹತ್ತಿರ ಇಡು, ನಾಲ್ಕು ದಿನದಲ್ಲಿ ಎಲ್ಲ ತಣ್ಣಗಾಗುತ್ತದೆ" ಎಂದಿದ್ದಾರೆ.

ಮೊದಲು ಆ ಮಾತಿಗೇ ಬರುತ್ತೇನೆ. ಮಾವ, ನೀವು ಅವನ ಸಂಕಟ ನೋಡಲಾಗದೆ ಹೇಳಿದ್ದೀರಿ, ನನಗೆ ಗೊತ್ತು. ಆದರೆ ನಮ್ಮೂರ ಹುಲ್ಲುಗಾವಲಿನಲ್ಲಿ ನಡೆದದ್ದು ನಿಮಗೂ ನೆನಪಿರಬೇಕು. ನಾನು ಆಗ ಐದನೇ ಕ್ಲಾಸು. ತೋಳ ಎರಡು ಕುರಿ ಹಿಡಿಯಿತು ಅಂತ ಯಾರೋ ಸತ್ತ ಕುರಿಗೆ ವಿಷ ಹಾಕಿಟ್ಟರು. ತೋಳ ತಿಂತೋ ಬಿಡ್ತೋ ಯಾರೂ ನೋಡಲಿಲ್ಲ. ಅಜ್ಜನ ನಾಯಿ ತಿಂತು. ಅಜ್ಜ ಅದರ ತಲೆ ತೊಡೆ ಮೇಲೆ ಇಟ್ಟುಕೊಂಡು ಹುಣಸೆ ಮರದ ಕೆಳಗೆ ಮಧ್ಯಾಹ್ನದ ತನಕ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಮುಂದಿನ ತಿಂಗಳು ತೋಳ ಮತ್ತೆ ಬಂತು. ಆವಾಗ ಬೊಗಳುವುದಕ್ಕೆ ನಾಯಿಯೇ ಇರಲಿಲ್ಲ.

ವಿಷಕ್ಕೆ ಇದು ಕಾಯೋಟಿ, ಇದು ಪಕ್ಕದ ಮನೆ ನಾಯಿ, ಇದು ಹದ್ದು ಅಂತ ಗೊತ್ತಾಗುವುದಿಲ್ಲ. ಈ ದೇಶದಲ್ಲೂ ಅದನ್ನು ಮಾಡಿ ನೋಡಿದ್ದಾರೆ. ಎಷ್ಟೋ ವರ್ಷ ಬಯಲು ತುಂಬ ವಿಷ ಇಟ್ಟರು. ಕೊನೆಗೆ 1972ರಲ್ಲಿ ಅಧ್ಯಕ್ಷ ನಿಕ್ಸನ್ ಕೇಂದ್ರ ಸರ್ಕಾರದ ಜಮೀನಿನಲ್ಲಿ ಬೇಟೆಯಾಡುವ ಪ್ರಾಣಿಗಳಿಗೆ ವಿಷ ಇಡುವುದನ್ನು ನಿಲ್ಲಿಸಿದರು. ಆಮೇಲೂ ಸಯನೈಡ್ ಸಿಡಿಸುವ ಒಂದು ಸಾಧನ ಉಳಿದುಕೊಂಡಿತು. 2017ರಲ್ಲಿ ಐಡಹೋ ರಾಜ್ಯದ ಪೊಕಟೆಲೊ ಊರಿನ ಪಕ್ಕದ ಗುಡ್ಡದಲ್ಲಿ 14 ವರ್ಷದ ಹುಡುಗನೊಬ್ಬ ಅದನ್ನು ಗೊತ್ತಿಲ್ಲದೆ ಮುಟ್ಟಿದ. ಅವನು ಬದುಕಿದ, ಜೊತೆಗಿದ್ದ ಅವನ ನಾಯಿ ಕಣ್ಣೆದುರಿಗೇ ಸತ್ತಿತು. ತಮ್ಮಾ, ನಿನ್ನ ಬೇಲಿ ಹತ್ತಿರ ನಿನ್ನ ಮಗಳು ದಿನಾ ಬರಿಗಾಲಲ್ಲಿ ಓಡಾಡುತ್ತಾಳೆ. ಲೈಸೆನ್ಸ್ ಇಲ್ಲದೆ ಹಾಗೆ ವಿಷ ಇಡುವುದು ಕಾನೂನಿಗೂ ವಿರುದ್ಧ. ಈ ವಿಷಯ ಇಲ್ಲಿಗೆ ಬಿಡು.

ಈಗ ಮುಖ್ಯವಾದದ್ದು. ಮರಿಯನ್ನು ಕೊಂದದ್ದು ಕಾಯೋಟಿಯೇ ಅಂತ ಹೇಗೆ ಹೇಳುತ್ತೀಯ? ನೋಡಿದ್ದೀಯಾ? ಊಳಿಟ್ಟದ್ದು ಕೇಳಿಸಿತು, ಬೆಳಗ್ಗೆ ಮರಿ ಸತ್ತಿತ್ತು, ಅಷ್ಟೇ ತಾನೇ. ಇನ್ನೂ ಹೂತಿಲ್ಲ ಎಂದರೆ ಕೈಗವಸು ಹಾಕಿಕೊಂಡು ಕುತ್ತಿಗೆ ನೋಡು. ಕಾಯೋಟಿ ಸಾಮಾನ್ಯವಾಗಿ ಗಂಟಲಿಗೇ ಹಾಕುತ್ತದೆ, ದವಡೆಯ ಕೆಳಗೆ. ಹೊರಗೆ ಜಾಸ್ತಿ ಕಾಣದಿದ್ದರೂ ಚರ್ಮ ಸುಲಿದರೆ ಒಳಗೆ ರಕ್ತ ಕಟ್ಟಿ ಕಪ್ಪಾಗಿರುತ್ತದೆ. ಹಿಂಗಾಲು, ತೊಡೆ, ಕಿವಿ ಎಲ್ಲ ಕಡೆ ಹರಿದು, ತಿನ್ನದೇ ಬಿಟ್ಟು ಹೋಗಿದ್ದರೆ ಅದು ಯಾರದೋ ಮನೆಯ ಸಾಕುನಾಯಿಯ ಕೆಲಸ ಇರಬಹುದು. ಅದು ನೀನು ಅಂದುಕೊಂಡದ್ದಕ್ಕಿಂತ ಜಾಸ್ತಿ ನಡೆಯುತ್ತದೆ. ಎಳೆದುಕೊಂಡು ಹೋಗಿ ಎಲೆ, ಮಣ್ಣು ಮುಚ್ಚಿಟ್ಟಿದ್ದರೆ ಬೆಟ್ಟದ ಸಿಂಹ ಅಂತ ಕರೆಯುವ ಪ್ಯೂಮಾವೋ, ಬಾಬ್‌ಕ್ಯಾಟ್ ಅನ್ನುವ ಕಾಡುಬೆಕ್ಕೋ ನೋಡಬೇಕು. ಎಲ್ಲೂ ರಕ್ತವೇ ಕಟ್ಟಿಲ್ಲ ಎಂದರೆ ಮರಿ ಕಾಯಿಲೆಯಿಂದಲೋ ಬೇರೆ ಕಾರಣಕ್ಕೋ ಸತ್ತು, ಆಮೇಲೆ ಏನೋ ಬಂದು ತಿಂದಿದೆ.

ನಾನು ಇದನ್ನು ಕಲಿತದ್ದು ಕೋಳಿ ಕಳೆದುಕೊಂಡು. ಕ್ಯಾಲಿಫೋರ್ನಿಯಾದ ಪೆಟಲೂಮಾ ಹತ್ತಿರ ಈ ಜಾಗಕ್ಕೆ ಬಂದ ಮೊದಲ ವರ್ಷ ಒಂಬತ್ತು ಕೋಳಿ ಹೋದವು. ಒಂದು ಕಾಲದಲ್ಲಿ ಜಗತ್ತಿನ ಮೊಟ್ಟೆ ಬುಟ್ಟಿ ಅಂತ ಹೆಸರಾದ ಊರು ಇದು, ಅಕ್ಕಪಕ್ಕದವರಿಗೆಲ್ಲ ಕೋಳಿ ಗೊತ್ತು. ನಾನು ಯಾರನ್ನೂ ಕೇಳಲಿಲ್ಲ, ಕಾಯೋಟಿ ಅಂತಲೇ ತೀರ್ಮಾನ ಮಾಡಿದ್ದೆ. ಪಕ್ಕದ ಜಮೀನಿನ ಅಜ್ಜಿ ಬಂದು ನೋಡಿ, "ತಲೆ ಮಾತ್ರ ಹೋಗಿದೆಯಲ್ಲ, ದೇಹ ಗೂಡಿನ ಒಳಗೇ ಇದೆಯಲ್ಲ, ಕಾಯೋಟಿ ಹೀಗೆ ಮಾಡುವುದಿಲ್ಲ" ಎಂದರು. ಕ್ಯಾಮೆರಾ ಇಟ್ಟೆ. ರಾತ್ರಿ ಎರಡು ಗಂಟೆಗೆ ರಕೂನ್ ಅನ್ನುವ ಕಾಡುಪ್ರಾಣಿ ಬಂತು. ತೆಳು ತಂತಿಯ ಜಾಲರಿಯೊಳಗೆ ಕೈ ತೂರಿಸಿ ಕೋಳಿಯನ್ನು ಹಿಡಿದು ಎಳೆಯುತ್ತಿತ್ತು. ಇನ್ನೊಂದು ರಾತ್ರಿ ಗೂಡಿನ ಚಿಲಕವನ್ನೇ ಮನುಷ್ಯರ ಹಾಗೆ ತೆಗೆಯಿತು. ಕಾಯೋಟಿ ಆದರೆ ಇಡೀ ಕೋಳಿಯನ್ನೇ ಕಚ್ಚಿಕೊಂಡು ಹೋಗುತ್ತದೆ, ನಾಲ್ಕು ಗರಿ ಬಿಟ್ಟು ಏನೂ ಸಿಗುವುದಿಲ್ಲ. ನಾನು ಆ ವರ್ಷ ಕಾಯೋಟಿ ಹೊಡೆಸಿದ್ದರೆ ಒಂಬತ್ತರ ಜೊತೆ ಉಳಿದ ಕೋಳಿಗಳೂ ಹೋಗುತ್ತಿದ್ದವು.

ನಿನ್ನ ಗೂಡಿನ ಫೋಟೋ ನೋಡಿದೆ. ಆರು ಮೂಲೆ ಕಣ್ಣಿನ ತೆಳು ಜಾಲರಿ, ನನ್ನದೂ ಅದೇ ಇತ್ತು. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಬೇರೆಯದು ಒಳಗೆ ಬರುವುದನ್ನು ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ತಾ, ಅಂಗಡಿಯಲ್ಲಿ ಹಾರ್ಡ್‌ವೇರ್ ಕ್ಲಾತ್ ಅಂತ ಕೇಳು. ಬುಡದಿಂದ ಹೊರಕ್ಕೆ ಒಂದೂವರೆ ಅಡಿ ನೆಲದ ಮೇಲೆ ಹಾಸಿ ಮಣ್ಣು ಮುಚ್ಚು. ಅಗೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯುತ್ತದೆ, ಎರಡು ಹೆಜ್ಜೆ ಹಿಂದೆ ಹೋಗಿ ಅಗೆಯಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಚಿಲಕಕ್ಕೆ ಸ್ಪ್ರಿಂಗ್ ಕೊಕ್ಕೆ ಹಾಕು.

ಚಿಕ್ಕಮ್ಮ, ಇಪ್ಪತ್ತು ಇರಲಿಲ್ಲ. ಎರಡೋ ಮೂರೋ ಇದ್ದಿರಬೇಕು. ಒಂದೇ ಕಾಯೋಟಿ ಕ್ಷಣಕ್ಕೊಂದು ದನಿ ಬದಲಾಯಿಸುತ್ತದೆ, ಎರಡು ಸೇರಿದರೆ ದೊಡ್ಡ ಹಿಂಡು ಅನ್ನಿಸುತ್ತದೆ. ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಸಣ್ಣದು. ಟೆಕ್ಸಾಸ್ ಕಡೆಯವು ಸಾಮಾನ್ಯವಾಗಿ ಹದಿನೈದು ಕೆಜಿ ಆಸುಪಾಸು, ಚಳಿಗಾಲದ ಕೂದಲಿಗೆ ದಪ್ಪ ಕಾಣುತ್ತವೆ. ಅಮೆರಿಕ, ಕೆನಡಾ ಎರಡೂ ಸೇರಿ ಕಾಯೋಟಿ ಮನುಷ್ಯರನ್ನು ಕೊಂದದ್ದು ದಾಖಲೆಯಲ್ಲಿ ಎರಡೇ ಸಲ, 1981ರಲ್ಲಿ ಒಂದು, 2009ರಲ್ಲಿ ಒಂದು. ಆದರೂ ಪಾಪುವನ್ನು ಮುಸ್ಸಂಜೆಯಲ್ಲಿ ಒಬ್ಬಳನ್ನೇ ಬಿಡಬೇಡಿ. ಎದುರು ಬಂದರೆ ಓಡಬಾರದು, ಬೆನ್ನು ತೋರಿಸಬಾರದು. ಕೈ ಎತ್ತಿ, ಗಟ್ಟಿಯಾಗಿ ಕೂಗಿ, ಕಲ್ಲೋ ಕೋಲೋ ಎಸೆಯಬೇಕು. ಸುಮ್ನೆ ನೋಡುತ್ತಾ ನಿಂತರೆ ಅದಕ್ಕೆ ಮನುಷ್ಯರ ಭಯ ಹೋಗುತ್ತದೆ, ಅದು ನಮಗೂ ಒಳ್ಳೆಯದಲ್ಲ, ಅದಕ್ಕೂ ಒಳ್ಳೆಯದಲ್ಲ.

ಬಂದೂಕಿನ ವಿಷಯ. ಟೆಕ್ಸಾಸ್‌ನಲ್ಲಿ ನಿನ್ನ ಜಮೀನಿನಲ್ಲಿ ಮೇಕೆ ಹಿಡಿಯಲು ಬಂದ ಕಾಯೋಟಿಯನ್ನು ಹೊಡೆಯಲು ಕಾನೂನು ಅಡ್ಡ ಬರುವುದಿಲ್ಲ. ನೆರೆಯವರು ಬಂದು ಹೊಡೆದುಕೊಡುತ್ತೇವೆ ಎಂದಿದ್ದಾರೆ ಅಂತ ಬರೆದಿದ್ದೀಯ. ನಾನು ಬೇಡ ಎನ್ನುವುದು ಕರುಣೆಗೆ ಮಾತ್ರ ಅಲ್ಲ. ಇದೇ ದೇಶದಲ್ಲಿ ಸರ್ಕಾರದ ವೈಲ್ಡ್‌ಲೈಫ್ ಸರ್ವೀಸಸ್ ಅನ್ನುವ ಇಲಾಖೆ 2021ರಲ್ಲಿ 64 ಸಾವಿರ ಕಾಯೋಟಿ ಕೊಂದಿತು. ಆಸುಪಾಸಿನ ವರ್ಷಗಳಲ್ಲೂ ಲೆಕ್ಕ ಹೀಗೇ. ಕಡಿಮೆ ಆಯಿತಾ? ಮೊದಲು ಪಶ್ಚಿಮದ ಮತ್ತು ನಡುವಿನ ಬಯಲಲ್ಲಿ ಮಾತ್ರ ಇದ್ದ ಪ್ರಾಣಿ ಈಗ ಹವಾಯಿ ಒಂದನ್ನು ಬಿಟ್ಟು ಎಲ್ಲ ರಾಜ್ಯದಲ್ಲೂ ಇದೆ. ಚಿಕಾಗೋ ನಗರದ ನಡುವೆ ಮರಿ ಸಾಕುತ್ತದೆ. ತೋಳಗಳನ್ನು ಕೊಂದು ಮುಗಿಸಿದ್ದೇ ಅದಕ್ಕೆ ದಾರಿ ಬಿಟ್ಟುಕೊಟ್ಟ ಹಾಗಾಯಿತು.

ಕಾಯೋಟಿ ಜೋಡಿಯಾಗಿ ಬದುಕುತ್ತದೆ. ಆ ಜೋಡಿಗೆ ತನ್ನದು ಅಂತ ಒಂದು ಸೀಮೆ ಇರುತ್ತದೆ, ಬೇರೆ ಕಾಯೋಟಿಯನ್ನು ಒಳಗೆ ಬಿಡುವುದಿಲ್ಲ. ನಮ್ಮ ಜಮೀನಿನ ಹಿಂದಿನ ಹಳ್ಳದಲ್ಲಿ ಒಂದು ಜೋಡಿ ಇದೆ. ಇಲಿ, ಬಿಲ ತೋಡುವ ಗೋಫರ್, ಮೊಲ ತಿನ್ನುತ್ತವೆ, ಶರತ್ಕಾಲದಲ್ಲಿ ಬಿದ್ದ ಸೇಬು ಕೂಡ. ಐದು ವರ್ಷದಿಂದ ನನ್ನ ಕುರಿ ಮುಟ್ಟಿಲ್ಲ. ಅವನ್ನು ಹೊಡೆದರೆ ಜಾಗ ಖಾಲಿ ಇರುತ್ತದಾ? ಊರೂರು ಅಲೆಯುವ ಇನ್ನೊಂದು ಬರುತ್ತದೆ. ಅದಕ್ಕೆ ಕುರಿಯ ರುಚಿ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿರುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡುವುದಿಲ್ಲ. ಇಲ್ಲಿಂದ ಉತ್ತರಕ್ಕೆ ಹಾಪ್‌ಲ್ಯಾಂಡ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕುರಿ ಫಾರ್ಮ್ ಇದೆ. 1990ರ ದಶಕದಲ್ಲಿ ಅಲ್ಲಿ ಕಾಯೋಟಿಗಳಿಗೆ ರೇಡಿಯೋ ಕಾಲರ್ ಕಟ್ಟಿ ನೋಡಿದರು. ಕುರಿ ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಮರಿ ಹಾಕುವ ಜೋಡಿಗಳು. ಸಿಕ್ಕ ಸಿಕ್ಕದ್ದನ್ನು ಹೊಡೆದಾಗ ಸಾಯುತ್ತಿದ್ದದ್ದು ಹೆಚ್ಚಾಗಿ ಏನೂ ಮಾಡದ ಎಳೆಯವು. ಅಂದರೆ ಒಂದು ಜೋಡಿಗೆ ನಿನ್ನ ಮೇಕೆ ಹಿಡಿಯುವ ಅಭ್ಯಾಸ ಬಿದ್ದುಬಿಟ್ಟರೆ, ಬೇಲಿ ಗಟ್ಟಿ ಮಾಡಿದ ಮೇಲೂ ಬಿಡದಿದ್ದರೆ, ಆ ಒಂದನ್ನು ತೆಗೆಸಬೇಕಾಗಬಹುದು. ಅದನ್ನು ನಾನು ತಪ್ಪು ಎನ್ನುವುದಿಲ್ಲ, ಕುರಿ ಸಾಕಿ ಹೊಟ್ಟೆ ಹೊರೆಯುವವರ ನಷ್ಟ ನನಗೆ ಗೊತ್ತು. ಆದರೆ ನೀನು ಇನ್ನೂ ಬೇಲಿಯನ್ನೇ ಗಟ್ಟಿ ಮಾಡಿಲ್ಲ. ಅಭ್ಯಾಸ ಬೀಳುವ ಮೊದಲೇ ಬಾಗಿಲು ಹಾಕಬೇಕು.

ಈಗ ಕಾಲವೂ ನೋಡು. ಏಪ್ರಿಲ್, ಮೇ ತಿಂಗಳಲ್ಲಿ ಕಾಯೋಟಿ ಮರಿ ಹಾಕುತ್ತದೆ. ಬಿಲದಲ್ಲಿ ಐದಾರು ಬಾಯಿ ಕಾಯುತ್ತಿರುತ್ತವೆ. ನಿನ್ನ ಮೇಕೆಗಳೂ ಇದೇ ಕಾಲಕ್ಕೆ ಮರಿ ಹಾಕಿವೆ. ಮುಂದಿನ ತಿಂಗಳುಗಳೇ ಕಷ್ಟದ ಕಾಲ.

ಕಾವಲು ನಾಯಿ ತರಲಾ ಅಂತ ಕೇಳಿದ್ದೀಯ. ನಮ್ಮದು ಗ್ರೇಟ್ ಪಿರನೀಸ್, ಹದಿನಾಲ್ಕು ಕುರಿಗೆ ಒಂದು. ಅದಿಲ್ಲದೆ ನಾನು ಕುರಿ ಸಾಕುತ್ತಿರಲಿಲ್ಲ. ಪಕ್ಕದ ಮರಿನ್ ಕೌಂಟಿಯವರು 2000ದ ಹೊತ್ತಿಗೆ ಸರ್ಕಾರಿ ಬೇಟೆಗಾರರ ಒಪ್ಪಂದ ಬಿಟ್ಟು, ಆ ದುಡ್ಡನ್ನು ಕುರಿ ಸಾಕುವವರ ಬೇಲಿ, ಕಾವಲು ನಾಯಿ, ಲಾಮಾ ಅನ್ನುವ ಒಂಟೆ ಜಾತಿಯ ಕಾವಲು ಪ್ರಾಣಿಗಳಿಗೆ ಕೊಡಲು ಶುರು ಮಾಡಿದ್ದರು. ಅಲ್ಲಿನವರನ್ನು ನೋಡಿಯೇ ನಾನೂ ತಂದದ್ದು. ಆದರೆ ಆ ನಾಯಿ ಎರಡು ವರ್ಷ ಆಗುವ ತನಕ ತಾನೇ ಮಗು, ಆಟಕ್ಕೆ ಮರಿಗಳ ಕಿವಿ ಹರಿಯುತ್ತದೆ. ರಾತ್ರಿಯಿಡೀ ಬೊಗಳುತ್ತದೆ, ಅದೇ ಅದರ ಕೆಲಸ. ನಾಲ್ಕು ಮೇಕೆಗೆ ನಿನಗೆ ನಾಯಿ ಬೇಡ. ಕಾವಲಿಗೆ ಕತ್ತೆ ತರುವ ಯೋಚನೆ ಇದ್ದರೆ ಹೆಣ್ಣೋ ಬೀಜ ಒಡೆಸಿದ ಗಂಡೋ ಒಂದೇ ಒಂದು ತಾ. ಎರಡು ತಂದರೆ ಅವೆರಡೇ ಜೊತೆಯಾಗುತ್ತವೆ, ಮೇಕೆ ಕಡೆ ತಿರುಗಿ ನೋಡುವುದಿಲ್ಲ. ನನ್ನ ಮಾತು ಕೇಳುವುದಾದರೆ ಆ ದುಡ್ಡಲ್ಲಿ ಒಂದು ಗಟ್ಟಿ ರೊಪ್ಪ ಕಟ್ಟು. ಆರಡಿ ಎತ್ತರ, ಬುಡಕ್ಕೆ ಕೋಳಿಗೂಡಿನ ಹಾಗೇ ಜಾಲರಿ, ಹೊರಗೆ ಒಂದು ಎಳೆ ಸೋಲಾರ್ ಬೇಲಿಯ ತಂತಿ. ಅಜ್ಜ ಜಾಲಿ ಮುಳ್ಳು ಒತ್ತಿ ಮಾಡುತ್ತಿದ್ದದ್ದೂ ಇದೇ ತಾನೇ. ಹಗಲು ಎಷ್ಟು ದೂರ ಮೇಯಿಸಿದರೂ ಹೊತ್ತು ಮುಳುಗುವ ಮೊದಲು ಎಣಿಸಿ ರೊಪ್ಪಕ್ಕೆ ಹಾಕುತ್ತಿದ್ದರು. ತಾವೂ ಕಂಬಳಿ ಹೊದ್ದು ಬಾಗಿಲಲ್ಲೇ ಮಲಗುತ್ತಿದ್ದರು. ಮಳೆ ಬಂದರೂ ಬಿಡಲಿಲ್ಲ.

ಹಾಂ, ಚಿಕ್ಕಮ್ಮ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೀವು ಮಿಕ್ಕ ಅನ್ನವನ್ನು ಹಿತ್ತಲ ಕಲ್ಲಿನ ಮೇಲೆ ಹಾಕುತ್ತಿದ್ದದ್ದು ನೋಡಿದೆ. ಊರಲ್ಲಿ ಕಾಗೆಗೆ, ಹಸುವಿಗೆ ಹಾಕಿ ಬೆಳೆದ ಕೈ ನಿಮ್ಮದು, ಅನ್ನ ಚೆಲ್ಲಲು ಮನಸ್ಸು ಬರುವುದಿಲ್ಲ. ನನಗೂ ಬರುವುದಿಲ್ಲ. ಆದರೆ ಅಲ್ಲಿ ಸಂಜೆ ಹಾಕಿದ ಅನ್ನಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಕಾಯೋಟಿ ಬರುತ್ತದೆ, ಹತ್ತು ಹೆಜ್ಜೆ ಆಚೆ ಮೇಕೆ ಕಾಣುತ್ತದೆ. ಬೆಳಗ್ಗೆ ಕೋಳಿಗಳಿಗೆ ಹಾಕಿ, ಅರ್ಧ ಗಂಟೆಯಲ್ಲಿ ಒಂದು ಅಗುಳೂ ಉಳಿಯುವುದಿಲ್ಲ. ನಾಯಿಯ ತಟ್ಟೆಯನ್ನೂ ರಾತ್ರಿ ಒಳಗೆ ತೆಗೆದುಕೊಳ್ಳಿ.

ನಾಯಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಿದ್ದೀಯಾ? ದಕ್ಷಿಣ ಟೆಕ್ಸಾಸ್‌ನಲ್ಲಿ 1988ರ ನಂತರ ಕಾಯೋಟಿಗಳಲ್ಲಿ ರೇಬಿಸ್ ಜೋರಾಗಿ ಹರಡಿತ್ತು. 1995ರಿಂದ ವಿಮಾನದಲ್ಲಿ ಹೋಗಿ ಲಸಿಕೆ ತುಂಬಿದ ತಿನಿಸನ್ನು ಬಯಲಲ್ಲಿ ಸುರಿದರು, ಕಾಯೋಟಿಗಳು ತಿಂದವು, ಆ ಬಗೆಯ ರೇಬಿಸ್ ಅಲ್ಲಿಂದ ಹೋಯಿತು. ವಿಷ ಇಡುತ್ತಿದ್ದ ಅದೇ ದೇಶ ಇದನ್ನೂ ಮಾಡಿತು, ನನಗೆ ಅದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. ಆದರೆ ಸ್ಕಂಕ್, ಬಾವಲಿಗಳಲ್ಲಿ ರೋಗ ಇನ್ನೂ ಇದೆ. ಹಾಕಿಸಿಲ್ಲದಿದ್ದರೆ ಈ ವಾರವೇ ಹಾಕಿಸು.

ಇವತ್ತು ರಾತ್ರಿಗೆ ರೊಪ್ಪ ಆಗುವುದಿಲ್ಲ, ಗೊತ್ತು. ಕಾರು ಹೊರಗೆ ನಿಲ್ಲಿಸಿ ನಾಲ್ಕೂ ಮೇಕೆಯನ್ನು ಗ್ಯಾರೇಜಿಗೆ ಹಾಕು, ಹುಲ್ಲು ನೀರು ಇಡು, ಕತ್ತಲಾಗುವ ಮೊದಲೇ. ಕೋಳಿಗೂಡಿನ ಬಾಗಿಲಿಗೆ ಸದ್ಯಕ್ಕೆ ತಂತಿ ಸುತ್ತು. ಮರಿಯ ಕುತ್ತಿಗೆಯ ಫೋಟೋ ತೆಗೆದು ನನಗೆ ಮಾತ್ರ ಕಳಿಸು, ಗ್ರೂಪಿಗೆ ಹಾಕಬೇಡ, ಮಕ್ಕಳು ನೋಡುತ್ತಾರೆ. ಆಮೇಲೆ ಆಳವಾಗಿ ಗುಂಡಿ ತೆಗೆದು ಹೂತುಬಿಡು, ಮೇಲೆ ಕಲ್ಲು ಹೇರು. ಪಾಪು ಹೂವು ಇಡುತ್ತೇನೆ ಎಂದರೆ ಇಡಲಿ. ಭಾನುವಾರ ಬೆಳಗ್ಗೆ ನಾನು ಫೋನ್ ಮಾಡುತ್ತೇನೆ, ಅಳತೆ ಪಟ್ಟಿ ಹಿಡಿದುಕೊಂಡು ಬೇಲಿ ಹತ್ತಿರ ನಿಂತಿರು.